ತೆರಿಗೆ ಮಾಫಿಯಾದರೆ ಔಷಧಿ ಎಷ್ಟು ಅಗ್ಗ?

ಪ್ರಾಣ ಉಳಿಸುವ ಸಾಮಗ್ರಿಗೂ ತೆರಿಗೆ ಬೇಕೆ? 2021ರಲ್ಲಿ ಕೋವಿಡ್‌ನ ಎರಡನೇ ಅಲೆಯಲ್ಲಿ ಜನ ಆಕ್ಸಿಜನ್ ಸಿಲಿಂಡರಿಗಾಗಿ ಸಾಲುಗಟ್ಟಿ ನಿಂತಾಗ ಈ ಪ್ರಶ್ನೆ ಎದ್ದಿತು.

ಕೇಂದ್ರ, ರಾಜ್ಯಗಳೆರಡೂ ಇರುವ ಜಿ.ಎಸ್.ಟಿ. ಮಂಡಳಿ ಆ ವರ್ಷದ ಜೂನ್ 12ರಂದು ಸಭೆ ಸೇರಿತು. ವೈದ್ಯಕೀಯ ಆಕ್ಸಿಜನ್, ವೆಂಟಿಲೇಟರ್‌ಗಳ ತೆರಿಗೆ ಶೇ. 12ರಿಂದ 5ಕ್ಕೆ, ಆಂಬುಲೆನ್ಸಿನದು ಶೇ. 28ರಿಂದ 12ಕ್ಕೆ ಇಳಿಯಿತು. ಕಪ್ಪು ಶಿಲೀಂಧ್ರ ರೋಗದ ಔಷಧಿ ಆಂಫೊಟೆರಿಸಿನ್-ಬಿಗೆ ತೆರಿಗೆಯೇ ಇಲ್ಲವಾಯಿತು. ಲಸಿಕೆಯ ಶೇ. 5 ತೆರಿಗೆ ಮಾತ್ರ ಹಾಗೆಯೇ ಉಳಿಯಿತು. ಏಕೆ?

ಲೆಕ್ಕ ಹಾಕಿ ನೋಡೋಣ. ತಯಾರಕರು ಕಚ್ಚಾವಸ್ತು, ಸೀಸೆ, ಸಾಗಣೆಗೆ ಮೊದಲೇ ತೆರಿಗೆ ತೆತ್ತಿರುತ್ತಾರೆ. ಗ್ರಾಹಕರಿಂದ ಪಡೆದ ತೆರಿಗೆಯಲ್ಲಿ ಅದನ್ನು ಕಳೆದು ಉಳಿದದ್ದನ್ನು ಸರ್ಕಾರಕ್ಕೆ ಕಟ್ಟುತ್ತಾರೆ. ಇದೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. 100 ರೂಪಾಯಿಯ ಔಷಧಿಗೆ 5 ರೂಪಾಯಿ ತೆರಿಗೆ ಇದ್ದು, ತಯಾರಕರು ಮೊದಲೇ ತೆತ್ತದ್ದು 4 ರೂಪಾಯಿ ಎಂದುಕೊಳ್ಳಿ. ಆಗ ಅವರು ಕಟ್ಟಬೇಕಾದದ್ದು 1 ರೂಪಾಯಿ. ಪೂರ್ತಿ ವಿನಾಯಿತಿ ಕೊಟ್ಟರೆ ಆ 4 ರೂಪಾಯಿ ಕಳೆಯುವ ಅವಕಾಶ ತಪ್ಪಿ, ಅದು ಬೆಲೆಗೇ ಸೇರುತ್ತದೆ. 105ರ ಔಷಧಿ 104 ಆಗುತ್ತದೆ, 100 ಅಲ್ಲ. ಲಸಿಕೆಯ ವಿಷಯದಲ್ಲಿ ಕೇಂದ್ರ ಮುಂದಿಟ್ಟ ವಾದವೂ ಇದೇ. ರಫ್ತಿಗೆ ಮಾಡುವಂತೆ, ತೆತ್ತ ತೆರಿಗೆಯನ್ನೂ ಹಿಂದಿರುಗಿಸಿದರೆ ಮಾತ್ರ ಬೆಲೆ 100ಕ್ಕೆ ಇಳಿದೀತು.

ಸಾಮಗ್ರಿಗಳ ರಿಯಾಯಿತಿ 2021ರ ಸೆಪ್ಟೆಂಬರ್ 30ಕ್ಕೆ, ಔಷಧಿಗಳದು ಡಿಸೆಂಬರ್ 31ಕ್ಕೆ ಮುಗಿಯಿತು. ಆದರೆ ಸೋಂಕು ಉತ್ತುಂಗ ಮುಟ್ಟಿದ್ದು ಮೇ ಮೊದಲ ವಾರಗಳಲ್ಲಿ, ತೀರ್ಮಾನ ಬಂದದ್ದು ಜೂನ್‌ನಲ್ಲಿ. ತೆರಿಗೆ ಎಷ್ಟು ಇಳಿಯಿತು ಎಂಬುದರಷ್ಟೇ, ಯಾವಾಗ ಇಳಿಯಿತು ಎಂಬುದೂ ರೋಗಿಗೆ ಮುಖ್ಯ.