‘ಭವ್ಯ’, ‘ಭಾರಿ’, ‘ಭರ್ಜರಿ’: ಇಂಗ್ಲಿಷಿಗೆ ತರುವ ಬಗೆ

ಗುಣವಾಚಕವು ನಾಮಪದಕ್ಕೆ ತೊಡಿಸಿದ ಆಭರಣವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಅದು ಅಲಂಕಾರ ಮಾತ್ರವಲ್ಲ; ವಸ್ತುವನ್ನು ಕಂಡವನ ಮನಸ್ಸು ನುಡಿಯುವ ಸಾಕ್ಷಿಯೂ ಹೌದು. ಸಾಕ್ಷಿ ತಪ್ಪಿದರೆ ತೀರ್ಪು ತಪ್ಪುವುದು ಸಹಜ. ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವ ವಿದ್ಯಾರ್ಥಿಯು ಈ ಮಾತನ್ನು ಮೊದಲು ನೆನೆಯಬೇಕು. ದೇವಾಲಯ ಭವ್ಯ, ಜಾತ್ರೆ ಭಾರಿ, ಫಸಲು ಭರ್ಜರಿ. ಈ ಮೂರಕ್ಕೂ ‘ಗ್ರ್ಯಾಂಡ್’ ಎಂಬ ಒಂದೇ ಶಬ್ದವನ್ನು ಬಳಸಿಬಿಟ್ಟರೆ ಕೆಲಸ ಮುಗಿದಂತೆ ತೋರುತ್ತದೆ. ಅರ್ಥ ಮಾತ್ರ ಈಚೆಯ ದಡದಲ್ಲಿಯೇ ಉಳಿಯುತ್ತದೆ.

‘ಭವ್ಯ’ವು ಸಂಸ್ಕೃತದ ‘ಭೂ’ ಧಾತುವಿನಿಂದ ಬಂದ ಶಬ್ದ. ಪಾಣಿನಿಯು ಒಂದು ಸೂತ್ರದಲ್ಲಿ ಇದಕ್ಕೆ ಎಡೆ ಕೊಟ್ಟಿದ್ದಾನೆ. ಆಗತಕ್ಕದ್ದು, ಯೋಗ್ಯವಾದುದು, ಮಂಗಳಕರವಾದುದು ಎಂಬುವು ಇದರ ಹಳೆಯ ಅರ್ಥಗಳು. ಜೈನ ಪರಿಭಾಷೆಯಲ್ಲಿ ಮೋಕ್ಷಕ್ಕೆ ಅರ್ಹನಾದ ಜೀವನೇ ಭವ್ಯ. ಹಳಗನ್ನಡದ ಜೈನ ಕಾವ್ಯಗಳಲ್ಲಿ ಬರುವ ‘ಭವ್ಯರು’ ಎತ್ತರದ ಆಳುಗಳಲ್ಲ, ಧರ್ಮಕ್ಕೆ ಪಾತ್ರರಾದವರು. ಇಂದಿನ ‘ಭವ್ಯ’ದಲ್ಲಾದರೋ ಎತ್ತರ, ವಿಸ್ತಾರ, ಗಾಂಭೀರ್ಯಗಳು ಸೇರಿಕೊಂಡಿವೆ. ಇಂಗ್ಲಿಷಿನ ‘ಸಬ್ಲೈಮ್’ಗೆ ಆಧುನಿಕ ಕನ್ನಡ ವಿಮರ್ಶೆಯು ‘ಭವ್ಯ’ವನ್ನೇ ಆರಿಸಿಕೊಂಡಿತು. ಹಾಗೆಂದು ಪ್ರತಿಯೊಂದು ‘ಭವ್ಯ’ವೂ ಮರಳಿ ‘ಸಬ್ಲೈಮ್’ ಆಗಲಾರದು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನೆರವೇರಿತು. ಅಂಥ ಸಮಾರಂಭದ ‘ಭವ್ಯ ಮೆರವಣಿಗೆ’ಗೆ ‘ಗ್ರ್ಯಾಂಡ್’ ಸಲ್ಲುತ್ತದೆ; ‘ಸಬ್ಲೈಮ್’ ಸಲ್ಲದು.

‘ಭಾರಿ’ಯ ಒಡಲಲ್ಲಿ ಇರುವುದು ತೂಕ. ‘ಭಾರಿ ಮಳೆ’ಯು ಇಂಗ್ಲಿಷಿನಲ್ಲಿಯೂ ‘ಹೆವಿ ರೇನ್’ ಆಗುವುದರಿಂದ ಎರಡು ಭಾಷೆಗಳ ಚಿತ್ರವೂ ಇಲ್ಲಿ ಒಂದೇ. ಆದರೆ ‘ಭಾರಿ ಜಾತ್ರೆ’ಯನ್ನು ‘ಹೆವಿ ಫೇರ್’ ಎಂದರೆ ನಗೆಗೀಡು. ಅಲ್ಲಿ ‘ಹ್ಯೂಜ್’ ಬೇಕು. ರಾಣೇಬೆನ್ನೂರಿನ ಪೇಟೆಯಲ್ಲಿ ‘ಭಾರಿ ಚಲೋ ಆತು’ ಎಂದಾಗ ಅದು ತೂಕವನ್ನೂ ಗಾತ್ರವನ್ನೂ ಬಿಟ್ಟು ‘ವೆರಿ’ ಎಂಬಷ್ಟಕ್ಕೆ ಇಳಿಯುತ್ತದೆ. ಈ ತೊಡಕು ಕನ್ನಡಕ್ಕೆ ಮಾತ್ರ ಬಂದುದಲ್ಲ. ಸ್ಪ್ಯಾನಿಷ್ ಭಾಷೆಯ ‘ಇಂಪೊನೆಂತೆ’ ಎಂಬ ಗುಣವಾಚಕದ ಮೂಲಾರ್ಥ ‘ಮೇಲೆ ಹೇರುವ’ ಎಂದು. ಇಂಗ್ಲಿಷಿನ ‘ಇಂಪೋಸಿಂಗ್’ ಹುಟ್ಟಿದ್ದೂ ಅದೇ ಲ್ಯಾಟಿನ್ ಬೇರಿನಿಂದ. ಪರ್ವತವನ್ನೋ ಕೋಟೆಯನ್ನೋ ಬಣ್ಣಿಸುವಾಗ ಎರಡೂ ಹೊಂದುತ್ತವೆ. ಆದರೆ ಅಸಾಧಾರಣವಾದುದೆಂದು ಮೆಚ್ಚುವಾಗಲೂ ಸ್ಪ್ಯಾನಿಷರು ಅದೇ ಪದವನ್ನು ಆಡುವುದುಂಟು. ಅಲ್ಲಿ ‘ಇಂಪೋಸಿಂಗ್’ ಬಿಗಿಯಾಗಿ ಕೇಳಿಸುವುದರಿಂದ ‘ಮ್ಯಾಗ್ನಿಫಿಸೆಂಟ್’ ಮೊದಲಾದುವನ್ನು ಅರಸಬೇಕಾಗುತ್ತದೆ. ಬೇರು ಒಂದೇ ಆದ ಮಾತ್ರಕ್ಕೆ ಫಲದ ರುಚಿ ಒಂದೇ ಆಗದು.

‘ಭರ್ಜರಿ’ಯ ಕಥೆ ಇನ್ನೂ ಸೊಗಸು. ಮರಾಠಿಯ ‘ಭರಜರಿ’ ಎಂದರೆ ತುಂಬ ಜರಿಯುಳ್ಳ ವಸ್ತ್ರ. ಜರಿಯ ಮೂಲವಾದ ಪಾರಸಿಯ ‘ಜರ್’ ಎಂದರೆ ಚಿನ್ನ. ಸೀರೆಯ ಸೆರಗಿನಿಂದ ಇಳಿದು ಬಂದ ಈ ಶಬ್ದ ಇಂದು ಊಟ, ಬೆಳೆ, ವ್ಯಾಪಾರ ಎಲ್ಲವನ್ನೂ ಸಿಂಗರಿಸುತ್ತದೆ. ‘ಭರ್ಜರಿ ಊಟ’ ಇಂಗ್ಲಿಷಿನಲ್ಲಿ ‘ಸಂಪ್ಚುವಸ್’ ಆದೀತು. ‘ಭರ್ಜರಿ ಬೆಳೆ’ಗೆ ‘ಬಂಪರ್ ಕ್ರಾಪ್’ ಎಂಬ ರೂಢಿಯ ಮಾತೇ ಇದೆ. ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿಯ ‘ಭರ್ಜರಿ ಆವಕ’ವಾಯಿತೆಂದರೆ ಚೀಲಗಳ ಸಂಖ್ಯೆಯನ್ನು ಕುರಿತ ಮಾತು, ‘ಭರ್ಜರಿ ದರ’ವೆಂದರೆ ರೈತನ ಕೈಗೆ ಬಂದ ಹಣವನ್ನು ಕುರಿತದ್ದು. ಇಲ್ಲಿ ತಪ್ಪು ಅನುವಾದದಿಂದ ವಸ್ತುವಿಗೇ ಅನ್ಯಾಯವಾದೀತು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಸರಾದುದು ಕಡುಗೆಂಪು ಬಣ್ಣಕ್ಕೆ. ಅದರ ಖಾರ ಕಡಿಮೆ. ‘ಭಾರಿ ಮೆಣಸಿನಕಾಯಿ’ ಎಂಬ ಹೊಗಳಿಕೆಯನ್ನು ‘ಫಿಯರಿ’ ಎಂದು ಬರೆದರೆ ಕೊಳ್ಳುವವನಿಗೆ ಸುಳ್ಳು ಹೇಳಿದಂತಾಗುತ್ತದೆ.

ದೇವಾಲಯಗಳ ವಿಷಯದಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. ಹಾವೇರಿಯ ಸಿದ್ಧೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯ ಶೈಲಿಯ, ಬಳಪದ ಕಲ್ಲಿನ, ಪಶ್ಚಿಮಾಭಿಮುಖವಾದ ರಚನೆ. ಅದರ ಹಿರಿಮೆ ಗಾತ್ರದಲ್ಲಿಲ್ಲ, ಭಿತ್ತಿಯ ಮೇಲಿನ ಸೂಕ್ಷ್ಮ ಕೆತ್ತನೆಯಲ್ಲಿದೆ. ಅದನ್ನು ‘ಹ್ಯೂಜ್’ ಎಂದು ಓದಿ ಬಂದ ಪರಸ್ಥಳದವನು ಮುಗಿಲೆತ್ತರದ ಗೋಪುರವನ್ನು ಅರಸಿ, ಕಣ್ಣೆದುರಿನ ಕುಸುರಿಯನ್ನು ಕಾಣದೆ ಹಿಂದಿರುಗಿಯಾನು. ‘ಎಕ್ಸ್‌ಕ್ವಿಸಿಟ್’ ಎಂದರೆ ಅವನ ಕಣ್ಣು ತಾನಾಗಿ ಕೆತ್ತನೆಯ ಬಳಿ ಸಾರುತ್ತದೆ. ವರದಾ ತುಂಗಭದ್ರೆಯರ ಸಂಗಮದ ಗಳಗನಾಥದಲ್ಲಿ ಇಳಿಜಾರಾದ ಬೃಹತ್ ಅಧಿಷ್ಠಾನದ ಮೇಲೆ ನಿಂತ ಗಳಗೇಶ್ವರ ಗುಡಿಗಾದರೋ ‘ಇಂಪೋಸಿಂಗ್’ ಎಂಬುದೇ ತಕ್ಕ ಮಾತು. ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಡದ ಮುಕ್ತೇಶ್ವರ ದೇವಾಲಯಕ್ಕೆ ‘ಗ್ರೇಸ್‌ಫುಲ್’ ಒಪ್ಪುತ್ತದೆ. ಕನ್ನಡದಲ್ಲಿ ಮೂರೂ ಭವ್ಯವೇ. ಇಂಗ್ಲಿಷಿನಲ್ಲಿ ಮೂರು ಬೇರೆ.

ನಾಮಪದವನ್ನು ನೋಡಿ ಗುಣವಾಚಕವನ್ನು ಅರ್ಥೈಸುವ ಈ ಮಾರ್ಗ ಕನ್ನಡಕ್ಕೆ ಹೊಸದಲ್ಲ. ‘ಹಿರಿದು’ ಎಂಬ ಅಚ್ಚಗನ್ನಡದ ಗುಣವಾಚಕವು ಸಮಾಸದಲ್ಲಿ ಹೆಮ್ಮರ, ಹೆಬ್ಬಾಗಿಲು, ಹೆದ್ದಾರಿ ಎಂದು ರೂಪ ತಾಳುತ್ತದೆ. ಹೆಮ್ಮರ ದೊಡ್ಡ ಮರ, ಹೆಬ್ಬಾಗಿಲು ಮುಖ್ಯವಾದ ಬಾಗಿಲು, ಹೆದ್ದಾರಿ ರಾಜಮಾರ್ಗ. ನೆರೆಯ ಪದಕ್ಕೆ ತಕ್ಕಂತೆ ರೂಪವೂ ಅರ್ಥವೂ ಮಾರ್ಪಡುತ್ತವೆ.

ಆದುದರಿಂದ ಅನುವಾದಕನು ಮೂರು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳತಕ್ಕದ್ದು. ಈ ಶಬ್ದ ಯಾವ ವಸ್ತುವಿಗೆ ಸಂದಿದೆ? ಆ ವಸ್ತುವಿನ ಯಾವ ಗುಣ ನೋಡುವವನನ್ನು ಸೆಳೆಯಿತು: ಗಾತ್ರವೋ, ಕುಶಲತೆಯೋ, ಸಮೃದ್ಧಿಯೋ, ಗಾಂಭೀರ್ಯವೋ? ಆಡಿದವನು ಸಭೆಯಲ್ಲಿದ್ದನೋ, ಸಂತೆಯಲ್ಲಿದ್ದನೋ? ಕಿಟ್ಟೆಲ್ಲರು 1894ರಲ್ಲಿ ಹೊರತಂದಂಥ ಮಹಾಕೋಶವೂ ಅರ್ಥಗಳನ್ನು ಸಾಲಾಗಿ ಇರಿಸಿಕೊಡಬಲ್ಲದೇ ಹೊರತು ಆಯ್ದು ಕೊಡಲಾರದು. ಆಯುವ ಹೊಣೆ ಓದಿದವನದು. ಉಪಾಧ್ಯಾಯರು ತರಗತಿಯಲ್ಲಿ ಒಂದು ದಿನ ಮಕ್ಕಳನ್ನು ಊರಿನ ಗುಡಿಗೂ ಮರುದಿನ ಪೇಟೆಗೂ ಕರೆದೊಯ್ದು, ಕಂಡುದನ್ನು ಎರಡೂ ಭಾಷೆಗಳಲ್ಲಿ ಬರೆಯಿಸಿದರೆ ಸಾಕು; ಕೋಶ ತೆರೆಯುವ ಮುನ್ನ ಕಣ್ಣು ತೆರೆಯಬೇಕೆಂಬ ಪಾಠ ತಾನಾಗಿಯೇ ಮನಗಾಣುತ್ತದೆ.