ಕಬ್ಬನ್: ಒಂದು ಹೆಸರು, ಹಲವು ವಿಳಾಸ

ಶಿವಾಜಿನಗರದಿಂದ ಮಹಾತ್ಮ ಗಾಂಧಿ ರಸ್ತೆಗೆ ಹೊರಟವರು ನಡುವೆ ಕಬ್ಬನ್ ರಸ್ತೆಯನ್ನು ದಾಟುತ್ತಾರೆ. ಸ್ವಲ್ಪ ಪಶ್ಚಿಮಕ್ಕೆ ಸರಿದರೆ ಕಬ್ಬನ್ ಪಾರ್ಕ್, ಅದೇ ಹೆಸರಿನ ಪೊಲೀಸ್ ಠಾಣೆ, 2016ರಲ್ಲಿ ಆರಂಭವಾದ ಮೆಟ್ರೊ ನಿಲ್ದಾಣ. ಇನ್ನೂ ಮುಂದೆ ಹೋದರೆ ಹಳೆಯ ಪೇಟೆಯಲ್ಲಿ ನೇಕಾರರಿಗೆ ಹೆಸರಾದ ಕಬ್ಬನ್‌ಪೇಟೆ. ದಂಡು ಮತ್ತು ಪೇಟೆ 1949ರವರೆಗೂ ಬೇರೆ ಬೇರೆ ಆಡಳಿತದಲ್ಲಿದ್ದವು. ಆದರೂ ಈ ಹೆಸರು ಎರಡೂ ಕಡೆ ನೆಲೆಯೂರಿತು.

ಕಬ್ಬನ್‌ಗೂ ನಮ್ಮ ಕಬ್ಬಿಗೂ ಕಬ್ಬಿಣಕ್ಕೂ ಸಂಬಂಧವಿಲ್ಲ. ಇದು ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಪುಟ್ಟ ಮ್ಯಾನ್ ದ್ವೀಪದ ಮನೆತನದ ಹೆಸರು. ಅಲ್ಲಿ 'ಮ್ಯಾಕ್' ಎಂದರೆ ಮಗ. ಕಾಲಕ್ರಮದಲ್ಲಿ 'ಮ್ಯಾಕ್' ಸವೆದು ಅದರ 'ಕ್' ಮಾತ್ರ ಮುಂದಿನ ಹೆಸರಿಗೆ ಅಂಟಿಕೊಂಡಿತು. ಹೀಗೆ ಮ್ಯಾಕ್‌ಗಿಬ್ಬನ್ ಎಂಬುದು ಕಬ್ಬನ್ ಆಯಿತು. ಆ ದ್ವೀಪ 1266ರವರೆಗೆ ನಾರ್ವೆಯ ಅಧೀನದಲ್ಲಿದ್ದುದರಿಂದ ಅಲ್ಲಿನ ಕೆಲವು ಮನೆತನಗಳ ಹೆಸರಿನಲ್ಲಿ ಸ್ಕ್ಯಾಂಡಿನೇವಿಯದ ಮೂಲವೂ ಉಳಿದಿದೆ. ಥಾರ್ಕೆಲ್‌ನ ವಂಶದವರು ಕಾರ್ಕಿಲ್ ಆದರು. ನಮ್ಮಲ್ಲಿ ತಂದೆಯ ಹೆಸರು ಇನಿಷಿಯಲ್ ಆಗಿ ಉಳಿಯುವಂತೆ ಅಲ್ಲಿ 'ಕ್' ಉಳಿಯಿತು ಎನ್ನಬಹುದು.

ಈ ಹೆಸರನ್ನು ಬೆಂಗಳೂರಿಗೆ ತಂದವರು ಮಾರ್ಕ್ ಕಬ್ಬನ್. 1775ರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಅವರು 1800ರಲ್ಲಿ ಮದರಾಸು ಸೇನೆ ಸೇರಿದರು. ಮೈಸೂರಿನ ಇತಿಹಾಸ ಬರೆದ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರ ಸೋದರಮಾವ. ನಗರ ದಂಗೆಯ ನಂತರ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡರು. 1834ರಿಂದ 1861ರವರೆಗೆ ಕಬ್ಬನ್ ಅದರ ಕಮಿಷನರ್. ಅವರ ಅವಧಿಯಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆಗಳು ನಿರ್ಮಾಣವಾದವು. 1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಸುಪರ್ದಿಗೆ ಒಪ್ಪಿಸುವ ಆದೇಶ ಬಂದಾಗ ಮುಮ್ಮಡಿ ಕೃಷ್ಣರಾಜ ಒಡೆಯರು ಪ್ರತಿಭಟಿಸಿದರು. ಕಬ್ಬನ್ ರಾಜೀನಾಮೆಗೆ ಮುಂದಾದರು. ಆದೇಶ ರದ್ದಾಯಿತು. ಮರುವರ್ಷ ಊರಿಗೆ ಮರಳುವ ದಾರಿಯಲ್ಲಿ, ಸೂಯೆಜ್‌ನಲ್ಲಿ ಅವರು ತೀರಿಕೊಂಡರು. ಮದುವೆಯಾಗದ ಅವರಿಗೆ ಮಕ್ಕಳಿರಲಿಲ್ಲ.

ಹಾಗಾದರೆ ಕಬ್ಬನ್ ಪಾರ್ಕನ್ನು ಮಾಡಿಸಿದವರು ಅವರೇ? ಅಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷಗಳ ಬಳಿಕ, 1870ರಲ್ಲಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅದನ್ನು ರೂಪಿಸಿದರು. ಆಗ ಹಂಗಾಮಿ ಕಮಿಷನರ್ ಆಗಿದ್ದವರ ಹೆಸರಿನಿಂದ ಅದು ಮೊದಲು 'ಮೀಡ್ಸ್ ಪಾರ್ಕ್'. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ, ಅವರ ತಂದೆಯ ನೆನಪಿಗೆ 'ಶ್ರೀ ಚಾಮರಾಜೇಂದ್ರ ಉದ್ಯಾನ' ಎಂಬ ಹೆಸರು ಬಂತು. ಇಂದಿಗೂ ಅಧಿಕೃತ ಹೆಸರು ಅದೇ. ಆದರೆ ಆಟೊ ಚಾಲಕರಿಗೆ ಆ ಹೆಸರು ಹೇಳಿದರೆ 'ಅದೆಲ್ಲಿ ಸ್ವಾಮಿ?' ಎಂಬ ಮರುಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ.

ಶಿಲ್ಪಿ ಮರೋಕೆಟ್ಟಿ ರೂಪಿಸಿದ, ಕುದುರೆಯೇರಿದ ಕಬ್ಬನ್ ಪ್ರತಿಮೆ ಅನಾವರಣಗೊಂಡದ್ದು 1866ರಲ್ಲಿ. ಮೊದಲು ಪೆರೇಡ್ ಮೈದಾನದಲ್ಲಿದ್ದ ಅದು ಆಮೇಲೆ ಅಠಾರ ಕಚೇರಿಯ ಮುಂದೆ, ಅಂದರೆ ಈಗಿನ ಹೈಕೋರ್ಟ್ ಆವರಣದಲ್ಲಿ, ದೀರ್ಘಕಾಲ ಇತ್ತು. 2020ರಲ್ಲಿ ಅದನ್ನು ಪಾರ್ಕಿನೊಳಕ್ಕೆ ಸಾಗಿಸಲಾಯಿತು. ಪ್ರತಿಮೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದು, ಫಲಕದ ಹೆಸರನ್ನು ಆದೇಶದಿಂದ ಬದಲಿಸಬಹುದು. ಜನರ ಬಾಯಲ್ಲಿ ಕೂತ ಹೆಸರನ್ನು ಬದಲಿಸಲು ಜನರೇ ಮನಸ್ಸು ಮಾಡಬೇಕು. ಬೆಂಗಳೂರಿಗರು ಅಂಥ ಮನಸ್ಸು ಮಾಡಿದಂತಿಲ್ಲ.