‘ಚೆನ್ನಾಗಿದೆ ಪುಟ್ಟಿ’ ಅಂದರೆ ಸಾಕೇ?

ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಹೀರೇಕಾಯಿ ಬಜ್ಜಿ. ಸರಿಯಾಗಿ ಅದೇ ಹೊತ್ತಿಗೆ ಅಕ್ಕನ ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ‘ಚಿಕ್ಕಮ್ಮಾ, ನನ್ನ ವೆಬ್‌ಸೈಟ್ ಮುಗೀತು. ಹೇಗಿದೆ ನೋಡಿ ಹೇಳ್ತೀಯಾ?’ ಕೈಯಲ್ಲಿ ಜಾಲರಿ ಹಿಡಿದುಕೊಂಡೇ ಒಮ್ಮೆ ಕತ್ತು ತಿರುಗಿಸಿದೆ. ಕೆಂಪು, ಹಸಿರು, ಹಳದಿ, ಏನೇನೋ ಕಂಡಿತು. ‘ತುಂಬಾ ಚೆನ್ನಾಗಿದೆ ಪುಟ್ಟಿ’ ಅಂದೆ. ಬಜ್ಜಿ ಸೀಯಲಿಲ್ಲ, ಅದೊಂದೇ ಲಾಭ!

ಅವಳು ಸಾಗರದ ಹುಡುಗಿ. ಮೈಸೂರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಬಿಸಿಎ ಓದುತ್ತಿದ್ದಾಳೆ. ಕಳೆದ ಬೇಸಿಗೆಯಲ್ಲಿ ಕಾಲೇಜಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ನಿಜವಾಗಿ ನಡೆಯುತ್ತಿರುವ ಯಾವುದಾದರೊಂದು ಸಣ್ಣ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿ ತನ್ನಿ ಅಂತ. ಜೊತೆಯವರು ಜಿಮ್ಮು, ಬ್ಯೂಟಿ ಪಾರ್ಲರ್ ಅಂತ ಆರಿಸಿಕೊಂಡರೆ, ಇವಳು ತನ್ನಮ್ಮನ ಹಲಸಿನ ಹಪ್ಪಳ ಆರಿಸಿಕೊಂಡಳು. ಅಕ್ಕ ಎಷ್ಟೋ ವರ್ಷದಿಂದ ಹಪ್ಪಳ ಮಾಡಿ ಪರಿಚಯದವರಿಗೆ ಮಾರುತ್ತಾಳೆ. ಅಮ್ಮನಿಗೆ ಉಪಯೋಗವಾಗಲಿ ಅನ್ನೋ ಆಸೆ ಹುಡುಗಿಗೆ. ಮುಗಿದ ಕೂಡಲೇ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೂ ಲಿಂಕ್ ಹಾಕಿದಳು. ಹೆಬ್ಬೆರಳು, ಹೂವು, ಹೃದಯ, ‘ಸೂಪರ್’, ‘ಜಾಣೆ’! ಎಷ್ಟು ಜನ ಲಿಂಕ್ ಒತ್ತಿ ನೋಡಿದರೋ ದೇವರೇ ಬಲ್ಲ.

ಮರುವಾರ ಕಾಲೇಜಿನಲ್ಲಿ ಎಲ್ಲರೆದುರು ತೋರಿಸಬೇಕಿತ್ತು. ಮೇಷ್ಟ್ರು ನೋಡಿ, ‘ಇದು ವೆಬ್‌ಸೈಟೋ, ಜಾತ್ರೆಯೋ?’ ಅಂದರಂತೆ. ತರಗತಿ ಗೊಳ್ಳೆಂದಿತು. ಅವತ್ತು ಮನೆಗೆ ಬಂದವಳು ಊಟ ಮಾಡಲಿಲ್ಲ. ರಾತ್ರಿ ಹಾಲು ತಗೊಂಡು ಹೋದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ‘ಎಲ್ರೂ ಚೆನ್ನಾಗಿದೆ ಅಂದ್ರಿ. ನೀನಾದ್ರೂ ನಿಜ ಹೇಳ್ಬಹುದಿತ್ತಲ್ಲ ಚಿಕ್ಕಮ್ಮ. ಅಮ್ಮನ ಹಪ್ಪಳ ನೋಡಿ ನಕ್ಕರು ಎಲ್ರೂ...’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂತಿಮವಾಗಿ ಒಪ್ಪಿಸಲು ಇನ್ನು ಹತ್ತು ದಿನ ಇತ್ತು. ಮೂರು ರಾತ್ರಿ ನಿದ್ದೆಗೆಟ್ಟು ಎಲ್ಲವನ್ನೂ ಬದಲಾಯಿಸಿದಳು. ಜಾತ್ರೆ ಅಂದರಲ್ಲ, ಬಣ್ಣವನ್ನೆಲ್ಲ ತೆಗೆದು ಬಿಳಿ ಹಾಳೆಯ ಮೇಲೆ ತಿಳಿಬೂದು ಅಕ್ಷರ ಮಾಡಿಟ್ಟಳು. ನೋಡಲು ಆಸ್ಪತ್ರೆ ಗೋಡೆಯ ಹಾಗೆ ಶುಭ್ರ! ಆದರೆ ಈ ಸಲ ಯಾರಿಗೂ ತೋರಿಸಲಿಲ್ಲ. ಕೇಳಿದರೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದಳು.

ಆಗ ನನಗೆ ಹೊಳೆದದ್ದು ಇದು. ನನ್ನ ‘ಚೆನ್ನಾಗಿದೆ’ಗೂ ಮೇಷ್ಟ್ರ ‘ಜಾತ್ರೆ’ಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ನಾಳೆ ಬೆಳಗ್ಗೆ ಕೂತು ಏನನ್ನು ಸರಿಮಾಡಬೇಕು ಅಂತ ಎರಡೂ ಹೇಳಲಿಲ್ಲ. ನಾವು ಮಾಡಿದ ಸಾರಿಗೆ ‘ಹ್ಞೂಂ, ಚೆನ್ನಾಗಿದೆ’ ಅಂತ ಪೇಪರಿನಿಂದ ತಲೆ ಎತ್ತದೆ ಹೇಳಿದರೆ ನಮಗೆ ಹೇಗಾಗುತ್ತೆ? ‘ಇದೂ ಒಂದು ಸಾರಾ?’ ಅಂದರೂ ಅಷ್ಟೇ. ‘ಹುಳಿ ಸರಿಯಾಗಿದೆ, ಉಪ್ಪು ಒಂದು ಹರಳು ಕಮ್ಮಿ’ ಅಂದರೆ ತಟ್ಟನೆ ಉಪ್ಪಿನ ಡಬ್ಬಿಗೆ ಕೈ ಹೋಗುತ್ತದಲ್ಲ, ಅಂಥ ಮಾತು ಆ ಹುಡುಗಿಗೆ ಒಬ್ಬರೂ ಹೇಳಿರಲಿಲ್ಲ.

ಬಿಎ ಓದಿದವಳು ನಾನು. ಕಂಪ್ಯೂಟರ್ ಅಂದರೆ ಕರೆಂಟ್ ಬಿಲ್ ಕಟ್ಟುವಷ್ಟು ಗೊತ್ತು. ಇದಕ್ಕೇನಾದರೂ ಪದ್ಧತಿ ಇರಬೇಕಲ್ಲ ಅಂತ ಇಬ್ಬರೂ ಕೂತು ಓದಿದೆವು. ಇದೆ, ಇವತ್ತಿನದೂ ಅಲ್ಲ! ಬಳಸುವವರ ಕೈಗೆ ಕೊಟ್ಟು, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಿ ಅನ್ನುವ ವಿಧಾನವನ್ನು ಐಬಿಎಂ ಕಂಪನಿಯಲ್ಲಿದ್ದ ಕ್ಲೇಟನ್ ಲೂಯಿಸ್ 1982ರಲ್ಲೇ ವಿವರಿಸಿದ್ದರು. ವೆಬ್‌ಸೈಟ್ ಬಳಕೆಯ ವಿಷಯದಲ್ಲಿ ದೊಡ್ಡ ಹೆಸರಾದ ಡೆನ್ಮಾರ್ಕ್ ಮೂಲದ ಜೇಕಬ್ ನೀಲ್ಸನ್, ಐದು ಜನರಿಗೆ ತೋರಿಸಿದರೆ ಸಾಕು, ಸುಮಾರು ಶೇ. 85ರಷ್ಟು ತೊಂದರೆಗಳು ಹೊರಬೀಳುತ್ತವೆ ಅಂತ 2000ದಲ್ಲಿ ಬರೆದರು. ಹದಿನೈದು ಜನರನ್ನು ಒಂದೇ ಸಲ ಕೂರಿಸುವುದಕ್ಕಿಂತ, ಐದು ಜನರಿಗೆ ತೋರಿಸಿ, ತಿದ್ದಿ, ಮತ್ತೆ ಐದು ಜನರಿಗೆ ತೋರಿಸುವುದು ಮೇಲು ಅನ್ನುವುದೂ ಅವರದೇ ಸಲಹೆ.

ಐದೇ ಜನ ತಾನೇ? ನಮ್ಮ ಮನೆ, ಎದುರು ಮನೆ ಸೇರಿದರೆ ಆಯಿತು!

ಅತ್ತೆಯವರ ಹೆಬ್ಬೆರಳು

ಮೊದಲು ನಮ್ಮ ಅತ್ತೆ. ಅರವತ್ತೆಂಟು ವರ್ಷ, ಕನ್ನಡಕ ಇದೆ, ಮೊಬೈಲಿನಲ್ಲಿ ಭಜನೆ ವಿಡಿಯೋ ನೋಡುವಷ್ಟು ಅಭ್ಯಾಸ ಇದೆ. ಸಂಜೆ ಕಾಫಿ ಆದ ಮೇಲೆ ಕೂರಿಸಿ ಪುಟ್ಟಿ ಹೇಳಿದಳು, ‘ಅಜ್ಜಿ, ನಿಮಗೆ ಎರಡು ಕಟ್ಟು ಹಲಸಿನ ಹಪ್ಪಳ ಬೇಕು ಅಂದ್ಕೊಳ್ಳಿ. ಇದರಲ್ಲಿ ತರಿಸ್ಕೊಳ್ಳಿ ನೋಡೋಣ.’ ಗಮನಿಸಿ, ‘ಹೇಗಿದೆ ನೋಡಿ’ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಯಾವ ಅಜ್ಜಿಯಾದರೂ ಚೆನ್ನಾಗಿದೆ ಅಂತಲೇ ಹೇಳೋದು. ಕೈಗೆ ಒಂದು ಕೆಲಸ ಕೊಡಬೇಕು. ಕೊಟ್ಟ ಮೇಲೆ ಹುಡುಗಿ ಬಾಯಿ ತೆರೆಯಬಾರದು, ಬೆರಳು ತೋರಿಸಬಾರದು, ಪುಸ್ತಕದಲ್ಲಿ ಬರೆದುಕೊಳ್ಳಬೇಕು ಅಷ್ಟೆ. ಇದು ನಮ್ಮ ಕರಾರು.

ಅತ್ತೆ ಕನ್ನಡಕ ಏರಿಸಿ, ‘ಇದೇನೇ, ಹಪಳ ಅಂತ ಬರ್ದಿದೀಯ?’ ಅಂದರು. ಪುಟ್ಟಿ ಹೌಹಾರಿದಳು. ನೋಡಿದರೆ ನಿಜ! ಇಂಗ್ಲಿಷ್ ಅಕ್ಷರದ ಅಳತೆಗೆ ಸಾಲಿನ ಎತ್ತರ ಇಟ್ಟಿದ್ದಳು. ನಮ್ಮ ಒತ್ತಕ್ಷರ ಸಾಲಿನಿಂದ ಕೆಳಗೆ ಇಳಿಯುತ್ತದಲ್ಲ, ಪಕಾರದ ಒತ್ತು ಪಟ್ಟಿಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಅಷ್ಟು ಹೊತ್ತು ನೋಡಿದ ಅವಳ ಕಣ್ಣಿಗೂ ಬಿದ್ದಿರಲಿಲ್ಲ, ಅವಳ ಮೇಷ್ಟ್ರ ಕಣ್ಣಿಗೂ ಬಿದ್ದಿರಲಿಲ್ಲ. ಆಮೇಲೆ, ‘ಅಕ್ಷರ ಎಲ್ಲ ಮಂಜಿನಲ್ಲಿದ್ದ ಹಾಗಿದೆ’ ಅಂದರು. ಅದು ಆ ತಿಳಿಬೂದು ಬಣ್ಣದ ಮಹಿಮೆ. ಮೂಲೆಯಲ್ಲಿ ಮೆನುವಿಗೆ ಅಂತ ಮೂರು ಗೆರೆ ಇರುತ್ತದಲ್ಲ, ಅದನ್ನು ನೋಡಿ, ‘ಇಲ್ಲಿ ಯಾಕೆ ವಿಭೂತಿ ಹಚ್ಚಿದೀಯ?’ ಅಂತ ಕೇಳಿದರು. ಅದನ್ನು ಒತ್ತಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ. ಹಪ್ಪಳದ ಚಿತ್ರವನ್ನು ಮೂರು ಸಲ ಒತ್ತಿದರು. ಚಿತ್ರ ಸುಮ್ಮನೆ ಕೂತಿತ್ತು. ಅಂತೂ ಎಷ್ಟು ಕಟ್ಟು ಬೇಕು ಅನ್ನುವ ಜಾಗಕ್ಕೆ ಬಂದರೆ ಅಲ್ಲಿ ಕೂಡಿಸುವ ಗುರುತು, ಕಳೆಯುವ ಗುರುತು ಎರಡೂ ಅಂಟಿಕೊಂಡಿವೆ. ಅವರ ಹೆಬ್ಬೆರಳು ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತಿ, ಎರಡು ಕಟ್ಟು ಹೋಗಿ ಸೊನ್ನೆ ಆಯಿತು.

ಪುಟ್ಟಿಯ ಕೈ ಎರಡು ಸಲ ಮೊಬೈಲಿನ ಕಡೆ ಹೋಯಿತು. ಎರಡು ಸಲವೂ ನಾನು ಹಿಡಿದು ಕೂರಿಸಿದೆ. ಕೊನೆಗೆ ಅತ್ತೆ ಮೊಬೈಲ್ ಕೆಳಗಿಟ್ಟು, ‘ನನಗೆ ಇದೆಲ್ಲ ತಿಳಿಯೋಲ್ಲಮ್ಮ. ನಿಮ್ಮಮ್ಮನಿಗೇ ಫೋನ್ ಮಾಡಿ ಹೇಳ್ತೀನಿ, ನಂಬರ್ ಎಲ್ಲಿದೆ?’ ಅಂದರು. ನಂಬರ್ ಪುಟದ ಕಟ್ಟಕಡೆಯಲ್ಲಿ, ಇರುವೆಗಾತ್ರದಲ್ಲಿತ್ತು.

‘ಅಜ್ಜಿಗೆ ವಯಸ್ಸಾಗಿದೆ ಚಿಕ್ಕಮ್ಮ, ಅವರಿಗೆ ಗೊತ್ತಾಗಲ್ಲ’ ಅಂತ ಆಮೇಲೆ ನನ್ನ ಹತ್ತಿರ ಗೊಣಗಿದಳು. ‘ಹಲಸಿನ ಹಪ್ಪಳಕ್ಕೆ ಹಂಬಲಿಸೋರು ಯಾರು, ನಿನ್ನ ಕ್ಲಾಸ್‌ಮೇಟ್‌ಗಳಾ?’ ಅಂದೆ. ಸುಮ್ಮನಾದಳು. ಆದರೆ ತಪ್ಪು ನನ್ನದೂ ಇತ್ತು. ಶುರುವಿಗೆ ಮುಂಚೆಯೇ ಅತ್ತೆಗೆ ‘ಪರೀಕ್ಷೆ ನಿಮಗಲ್ಲ, ವೆಬ್‌ಸೈಟಿಗೆ’ ಅಂತ ಹೇಳಬೇಕಿತ್ತು. ಪಾಪ, ತಾವೇ ಫೇಲಾದ ಹಾಗೆ ಮುಖ ಮಾಡಿಕೊಂಡಿದ್ದರು. ಉಳಿದವರಿಗೆ ಮೊದಲೇ ಹೇಳಿದೆವು.

ಅತ್ತೆ ಹೇಳಿದ್ದಕ್ಕೆಲ್ಲ ಲೆಕ್ಕ ಇದೆ ಅಂತ ಆಮೇಲೆ ತಿಳಿಯಿತು. ವೆಬ್‌ಸೈಟ್ ಎಲ್ಲರಿಗೂ ಎಟುಕುವ ಹಾಗಿರಬೇಕು ಅಂತ ಜಗತ್ತಿಗೆಲ್ಲ ಅನ್ವಯಿಸುವ ಮಾರ್ಗಸೂಚಿ ಇದೆ. ಅದರ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ಕನಿಷ್ಠ 4.5ಕ್ಕೆ 1ರಷ್ಟು ಅಂತರ ಬೇಕು. ಪುಟ್ಟಿಯ ತಿಳಿಬೂದು ಮೂರೂ ಮುಟ್ಟಿರಲಿಲ್ಲ. ಇದನ್ನು ಅಳೆದು ಹೇಳುವ ಸಾಧನಗಳು ಉಚಿತವಾಗಿ ಸಿಗುತ್ತವೆ. 2023ರಲ್ಲಿ ಬಂದ ಆವೃತ್ತಿಯಲ್ಲಿ ಗುಂಡಿಗಳ ವಿಷಯವೂ ಸೇರಿದೆ: 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಬೇಕು, ಇಲ್ಲದಿದ್ದರೆ ಸುತ್ತ ಸಾಕಷ್ಟು ಜಾಗ ಬಿಟ್ಟಿರಬೇಕು. ಅತ್ತೆಯವರ ಹೆಬ್ಬೆರಳನ್ನು ಅಳೆದೇ ಬರೆದಿದ್ದಾರೇನೋ ಅನ್ನಿಸಿತು.

ಉಳಿದ ನಾಲ್ವರದು ಬೇಗ ಮುಗಿಯಿತು. ಎದುರು ಮನೆಯಾಕೆಯ ಮೊಬೈಲಿನಲ್ಲಿ ಚಿತ್ರಗಳು ಬರುವಷ್ಟರಲ್ಲಿ ಅವರ ಕುಕ್ಕರ್ ಮೂರು ಕೂಗು ಕೂಗಿತು. ಕ್ಯಾಮೆರಾದಿಂದ ತೆಗೆದ ಚಿತ್ರವನ್ನು ಗಾತ್ರ ಕಡಿಮೆ ಮಾಡದೆ ಹಾಗೇ ಹಾಕಿದ್ದಳು. ಬ್ಲೌಸ್ ಹೊಲಿಯುವಾಕೆ, ‘ಕೊರಿಯರ್ ಚಾರ್ಜ್ ಎಷ್ಟು ಅಂತ ಎಲ್ಲಿ ಬರ್ದಿದೆ? ಅದು ಗೊತ್ತಾಗದೆ ನಾನು ದುಡ್ಡು ಕಳ್ಸಲ್ಲ’ ಅಂದಳು. ಎಲ್ಲೂ ಬರೆದಿರಲಿಲ್ಲ. ನನ್ನ ಮಗ ಹತ್ತು ವರ್ಷದವನು, ನಿಮಿಷದಲ್ಲಿ ಐವತ್ತು ಕಟ್ಟು ಬುಕ್ ಮಾಡಿ ನಕ್ಕ. ಹೆಸರು, ವಿಳಾಸ ಯಾವುದನ್ನೂ ತುಂಬದೆ!

ನಮ್ಮವರದು ಮಾತ್ರ ಬೇರೆ ಕಥೆ. ಅವರು ನೋಡುವುದಕ್ಕಿಂತ ಮೊದಲೇ ಸಲಹೆ. ‘ಇಲ್ಲಿ ನೀಲಿ ಮಾಡು, ಅಲ್ಲಿ ಒಂದು ವಿಡಿಯೋ ಹಾಕು.’ ಪುಟ್ಟಿಯ ಮುಖ ಬಾಡಿತು. ಹತ್ತು ದಿನದಲ್ಲಿ ನಾಲ್ಕು ದಿನ ಕಳೆದುಹೋಗಿದೆ, ವಿಡಿಯೋ ಎಲ್ಲಿಂದ ತರೋದು? ಆಗ ಅವಳೇ ಜಾಣತನದಿಂದ ಕೇಳಿದಳು, ‘ವಿಡಿಯೋ ಯಾಕೆ ಬೇಕು ಅನ್ನಿಸ್ತು ಚಿಕ್ಕಪ್ಪ?’ ‘ಅಲ್ಲಮ್ಮಾ, ಹಪ್ಪಳ ಅಂಗೈ ಅಗಲಾನೋ ತಟ್ಟೆ ಅಗಲಾನೋ ಈ ಫೋಟೋದಲ್ಲಿ ಗೊತ್ತೇ ಆಗಲ್ಲ.’ ಆಹಾ! ವಿಡಿಯೋ ಬೇಡವೇ ಬೇಡ. ಹಪ್ಪಳ ಹಿಡಿದ ಅಂಗೈಯ ಒಂದು ಫೋಟೋ ಸಾಕಾಯಿತು. ಜನ ಪರಿಹಾರ ಹೇಳಿದಾಗ ಅದರ ಹಿಂದಿನ ತೊಂದರೆ ಏನು ಅಂತ ಕೇಳಿಕೊಳ್ಳಬೇಕು ಅನ್ನುವುದು ಇಷ್ಟು ಸುಲಭವಾಗಿ ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ನೀಲಿ ಬಣ್ಣ ಯಾಕೆ ಅಂದದ್ದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಬಿಟ್ಟೆವು.

ಬೇಕಾದ್ದು, ಬೇಡದ್ದು

ಪುಸ್ತಕದ ತುಂಬ ಬರೆದುಕೊಂಡದ್ದಾಯಿತು. ಇನ್ನು ಆರು ದಿನದಲ್ಲಿ ಎಲ್ಲವನ್ನೂ ಮಾಡೋಕಾಗುತ್ತಾ? ನಾವು ಮಾಡಿದ್ದು ಇಷ್ಟೇ. ಇಬ್ಬರು ಮೂವರು ಒಂದೇ ಕಡೆ ಎಡವಿದ್ದರೆ ಅದು ಮೊದಲು. ಒಬ್ಬರೇ ಎಡವಿದ್ದರೂ ಅಲ್ಲಿಂದ ಮುಂದೆ ಹೋಗಲೇ ಆಗದಿದ್ದರೆ ಅದೂ ಮೊದಲು. ಬರೀ ‘ನನಗೆ ಈ ಬಣ್ಣ ಇಷ್ಟ’ ಅನ್ನುವಂಥದ್ದು ಕೊನೆಗೆ. ಎಲ್ಲರ ಇಷ್ಟಕ್ಕೂ ಬಣ್ಣ ಬಳಿದರೆ ಮತ್ತೆ ಜಾತ್ರೆಯೇ!

ಮನೆಯಲ್ಲಿ ಇಂಥ ಮಕ್ಕಳಿದ್ದರೆ ನೀವೂ ನೋಡಿ, ಹೇಳಿ. ‘ನನಗೇನು ಗೊತ್ತಾಗುತ್ತೆ’ ಅಂತ ಜಾರಿಕೊಳ್ಳಬೇಡಿ. ಗೊತ್ತಿಲ್ಲದವರ ಕಣ್ಣೇ ಅವರಿಗೆ ಬೇಕಾಗಿರುವುದು. ಹೇಳುವಾಗ ಮಾತ್ರ ‘ನಿನಗೆ ಇದು ಬರೋಲ್ಲ’ ಅನ್ನುವುದಕ್ಕೂ ‘ನನಗೆ ನಂಬರ್ ಸಿಗಲಿಲ್ಲ’ ಅನ್ನುವುದಕ್ಕೂ ಅಜಗಜಾಂತರ ಅನ್ನುವುದು ನೆನಪಿರಲಿ. ಹೊಗಳುವುದಾದರೂ ಯಾವುದನ್ನು ಅಂತ ಹೇಳಿ. ‘ಅಮ್ಮ ಹಪ್ಪಳ ಒತ್ತುವ ಫೋಟೋ ನೋಡಿ ಬಾಯಲ್ಲಿ ನೀರು ಬಂತು’ ಅಂದರೆ, ತಿದ್ದುವ ಭರದಲ್ಲಿ ಆ ಫೋಟೋವನ್ನು ತೆಗೆದುಹಾಕೋಲ್ಲ. ಇನ್ನೊಂದು, ಒಪ್ಪಿಸುವ ಹಿಂದಿನ ರಾತ್ರಿ ತಪ್ಪು ಹುಡುಕಲು ಕೂರಬೇಡಿ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಗೀಚಿದಾಗಲೇ ಕೇಳಿ ನೋಡಿದ್ದರೆ ನಮಗೂ ಮೂರು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಈಗ ಕೃತಕ ಬುದ್ಧಿಮತ್ತೆಯನ್ನು ಕೇಳಿದರೂ ತಪ್ಪು ಹೇಳುತ್ತದೆ. ಪುಟ್ಟಿ ಕೇಳಿದಳು. ಉಪಯೋಗ ಆಗಲಿಲ್ಲ ಅನ್ನೋಲ್ಲ, ಚಿತ್ರಗಳು ಭಾರವಾಗಿವೆ ಅನ್ನುವುದನ್ನು ಅದೂ ಹೇಳಿತು. ಆದರೆ ವಿಭೂತಿ ಅನ್ನಲಿಲ್ಲ.

ಮೇಷ್ಟ್ರ ಹತ್ತಿರ ಮತ್ತೆ ಹೋಗಲು ಅವಳಿಗೆ ಭಯ. ‘ಹೇಗಿದೆ ಸರ್ ಅಂತ ಕೇಳಬೇಡ’ ಅಂತ ಹೇಳಿ ಕಳಿಸಿದೆ. ಪುಸ್ತಕ ತೋರಿಸಿ, ‘ಮೊದಲ ಪುಟ ನೋಡಿದ ತಕ್ಷಣ ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತೆ ಸರ್?’ ಅಂತ ಕೇಳಿದಳಂತೆ. ಅದೇ ಮೇಷ್ಟ್ರು ಕಾಲು ಗಂಟೆ ಕೂತು, ಹಳೆಯದರಲ್ಲಿ ತಮ್ಮನ್ನು ಕಾಡಿದ್ದು ಬಣ್ಣ ಅಲ್ಲ, ಒಂದೇ ಪುಟದಲ್ಲಿ ಐದು ಕಡೆ ಏನೇನೋ ಓಡಾಡುತ್ತಿದ್ದದ್ದು ಅಂತ ವಿವರಿಸಿದರು. ಬಣ್ಣವನ್ನು ಯಾಕೆ ತೆಗೆದೆ ಅಂತ ಅವರೇ ಕೇಳಿದರಂತೆ! ಅವತ್ತೇ ಇಷ್ಟು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಅಂತ ನನಗೆ ಈಗಲೂ ಸಿಟ್ಟಿದೆ. ಪುಟ್ಟಿಗೆ ಇಲ್ಲ.

ಹಸಿರು ಮತ್ತೆ ಬಂತು, ಹಲಸಿನೆಲೆಯ ಗಾಢ ಹಸಿರು. ಅಕ್ಷರ ಕಪ್ಪಾಯಿತು. ಹಪ್ಪಳಕ್ಕೆ ಒತ್ತು ಬಂತು. ಮೂರು ಗೆರೆಯ ಪಕ್ಕದಲ್ಲಿ ‘ಮೆನು’ ಅಂತ ಕನ್ನಡದಲ್ಲಿ ಬರೆದಳು. ಪುಟದ ಮೇಲ್ಗಡೆಯೇ ‘ಫೋನ್ ಮಾಡಿ’ ಅಂತ ಒಂದು ಗುಂಡಿ ಇಟ್ಟಳು, ಅತ್ತೆಯವರ ಹೆಬ್ಬೆರಳಿಗಿಂತ ದೊಡ್ಡದು.

ಒಪ್ಪಿಸುವ ಹಿಂದಿನ ಮಧ್ಯಾಹ್ನ ಮತ್ತೆ ಅತ್ತೆಯ ಕೈಗೆ ಕೊಟ್ಟೆವು. ಅವರು ಮೆನು, ಬೆಲೆ ಯಾವುದನ್ನೂ ನೋಡಲಿಲ್ಲ. ಸೀದಾ ಆ ಗುಂಡಿ ಒತ್ತಿ ಮೊಬೈಲನ್ನು ಕಿವಿಗಿಟ್ಟುಕೊಂಡರು. ಸಾಗರದಲ್ಲಿ ಅಕ್ಕ ಫೋನ್ ಎತ್ತಿದಳು. ‘ಯಾರು? ಕೈಯೆಲ್ಲ ಹಲಸಿನ ಮೇಣ, ಸಂಜೆ ಮಾಡಿ!’ ಅಂತ ಕೂಗಿದ್ದು ನಮಗೂ ಕೇಳಿಸಿತು.

ಪುಟ್ಟಿ ಪುಸ್ತಕ ತೆಗೆದು ಬರೆದುಕೊಂಡಳು: ‘ಫೋನ್ ಗುಂಡಿಯ ಕೆಳಗೆ, ಸಂಜೆ 4ರ ನಂತರ.’